ಸರಕಾರ ಕೊಟ್ಟ ಒಲೆಗಳು ಎಲ್ಲಿ ಹೋದವು?



ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಸಂಘ ನಡೆದು ಬಂದ ದಾರಿಯ ಬಗ್ಗೆಯೇ ಬರೆಯೋಣವೆಂದು ಮೊದಲು ಅಂದುಕೊಂಡಿದ್ದೆವು. ಆದರೆ ಅದನ್ನು ನಮಗಿಂತ ಹಿರಿಯರು, ಮೊದಲ ದಿನವೇ ಷೇರು ಹಣ ಕಟ್ಟಿ ರಸೀದಿ ಪಡೆದವರು, ಇದೇ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ನಮಗೆ ಬರೆಯಲು ಒಂದು ಪ್ರಶ್ನೆ ಸಿಕ್ಕಿದೆ. ಅದನ್ನು ಕೇಳಿದವರೂ ನಮ್ಮ ಸಂಘದ ಸದಸ್ಯರೇ.

ಕಳೆದ ಸರ್ವಸದಸ್ಯರ ಸಭೆ ತಮಗೆಲ್ಲ ನೆನಪಿರಬಹುದು. ನಮ್ಮ ಸೀಮೆಯ ಆಲೆಮನೆಗಳಿಗೆ ಸುಧಾರಿಸಿದ ಒಲೆ ಕಟ್ಟಿಸುವ ವಿಷಯ ಚರ್ಚೆಗೆ ಬಂತು. ಸರಕಾರದಿಂದ ಸಹಾಯಧನ ಸಿಗುತ್ತದೆ, ಉಳಿದದ್ದಕ್ಕೆ ಸಂಘ ಸಾಲ ಕೊಡಬಹುದು ಎಂದು ನಾವು ಹೇಳುತ್ತಿದ್ದ ಹಾಗೇ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. "ಸರ್ಕಾರ ದುಡ್ಡು ಕೊಟ್ಟು ಕಟ್ಟಿಸಿದ ಒಲೆ ನಮ್ಮೂರಲ್ಲಿ ಒಂದಾದ್ರೂ ಉಳ್ಕಂಡದಾ ಸ್ವಾಮಿ? ಅವೆಲ್ಲ ಎಲ್ಲೋದೊ? ಮೊದ್ಲು ಅದ್ಕೆ ಉತ್ರ ಹೇಳಿ, ಆಮೇಲೆ ಆಲೆಮನೆ ಒಲೆ ಮಾತಾಡುವ" ಅಂದರು. ಸಭೆಯೆಲ್ಲ ನಕ್ಕಿತು. ವೇದಿಕೆಯ ಮೇಲಿದ್ದ ನಾವೂ ನಕ್ಕೆವು, ಆದರೆ ಉತ್ತರ ಹೇಳಲು ಆಗಲಿಲ್ಲ. ಮನೆಗೆ ಹೋದ ಮೇಲೂ ಆ ಮಾತು ಬಿಡಲಿಲ್ಲ. ಆಮೇಲೆ ಓದಿ, ಕೇಳಿ, ತಿಳಿದವರ ಹತ್ತಿರ ಕೂತು ಒಟ್ಟು ಮಾಡಿದ್ದನ್ನು ಇಲ್ಲಿ ಬರೆದಿದ್ದೇವೆ.

ಒಲೆಯ ಚರಿತ್ರೆ ಶುರುವಾಗುವುದು ನಮ್ಮ ಪಕ್ಕದಲ್ಲೇ, ಕುಣಿಗಲ್ ತಾಲ್ಲೂಕಿನಲ್ಲಿ. ಬೆಂಗಳೂರಿನಲ್ಲಿ ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಇದೆಯಲ್ಲ, ಅಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಒಂದು ವಿಭಾಗ ಆರಂಭವಾಯಿತು. ವಿಜ್ಞಾನವನ್ನೂ ತಂತ್ರಜ್ಞಾನವನ್ನೂ ಹಳ್ಳಿಗಳಿಗೆ ಒದಗಿಸುವುದು ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಹೆಸರು ಅದು. ಸತೀಶ್ ಧವನ್ ಅವರು ಆಗ ಸಂಸ್ಥೆಯ ನಿರ್ದೇಶಕರು. ಅಸ್ತ್ರವನ್ನು ಕಟ್ಟಿದವರು ಅಮೂಲ್ಯ ಕುಮಾರ್ ಎನ್. ರೆಡ್ಡಿ. ರಸಾಯನಶಾಸ್ತ್ರದಲ್ಲಿ, ಅದರಲ್ಲೂ ವಿದ್ಯುತ್ ರಸಾಯನದಲ್ಲಿ, ಪ್ರಪಂಚದಲ್ಲೇ ಹೆಸರಾಗಿದ್ದವರು. ಅಂಥವರು ಬಂದು ಹಳ್ಳಿಯ ಒಲೆಯ ಮುಂದೆ ಕೂತರು ಎಂಬುದೇ ಒಂದು ವಿಶೇಷ. 1975ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸ್ಥಾಪನೆಯಾಯಿತು. ರಾಜ್ಯ ಸರಕಾರವೊಂದು ಇಂಥ ಮಂಡಳಿ ಮಾಡಿದ್ದು ದೇಶದಲ್ಲಿ ಅದೇ ಮೊದಲು. ಹೀಗೆ ಕೆಲಸಕ್ಕೆ ಬೇಕಾದ ಹಣಕ್ಕೂ ಒಂದು ದಾರಿಯಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರ ತೆರೆಯಿತು.

ಅವರು ಮೊದಲು ಮಾಡಿದ್ದು ಯಂತ್ರವನ್ನಲ್ಲ, ಲೆಕ್ಕವನ್ನು. ಉಂಗ್ರದ ಸುತ್ತಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಮನುಷ್ಯರ ದುಡಿಮೆ, ಎಷ್ಟು ಎತ್ತಿನ ದುಡಿಮೆ ಎಂದು ಬರೆದುಕೊಂಡರು. ಪುರ ಎಂಬ ಹಳ್ಳಿಯಲ್ಲಿ 1977ರಲ್ಲಿ ಇದ್ದದ್ದು 56 ಮನೆ, 357 ಜನ. ಆ ಊರು ವರ್ಷಕ್ಕೆ ಬಳಸುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಸುಮಾರು 89 ಪಾಲು ಬರುತ್ತಿದ್ದದ್ದು ಸೌದೆಯಿಂದ. ಕರೆಂಟಿನ ಪಾಲು ನೂರಕ್ಕೆ ಒಂದು. ಒಂದು ಸಂಸಾರ ದಿನಕ್ಕೆ ಸುಮಾರು 10 ಕೆ.ಜಿ. ಸೌದೆ ತರಲು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು, ಐದು ಕಿಲೋಮೀಟರಿನಷ್ಟು ದೂರ ನಡೆಯುತ್ತಿತ್ತು. ಈ ನಡಿಗೆಯಲ್ಲಿ ಹೆಚ್ಚಿನ ಪಾಲು ಹೆಂಗಸರದು, ಮಕ್ಕಳದು. ದೇಶದ ಶಕ್ತಿಯ ಸಮಸ್ಯೆ ಅಂದರೆ ಕಲ್ಲಿದ್ದಲು, ಅಣೆಕಟ್ಟು, ಪೆಟ್ರೋಲು ಎಂದು ದೊಡ್ಡವರೆಲ್ಲ ಮಾತಾಡುತ್ತಿದ್ದ ಕಾಲದಲ್ಲಿ ಈ ಲೆಕ್ಕ ಸೌದೆ ಹೊರೆಯನ್ನು ತಕ್ಕಡಿಯ ಮೇಲೆ ಇಟ್ಟು ತೋರಿಸಿತು.

ಪುರದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಅಡುಗೆಗೆ ಗ್ಯಾಸ್ ಕೊಡುವುದು ಮೊದಲ ಯೋಚನೆ. ಅದು ನಡೆಯಲಿಲ್ಲ. ಎಲ್ಲ ಮನೆಯ ಎರಡು ಹೊತ್ತಿನ ಅಡುಗೆಗೆ ಸಾಲುವಷ್ಟು ಸಗಣಿ ಊರಿನಲ್ಲಿ ಇರಲಿಲ್ಲ. ಅರ್ಧ ಗ್ಯಾಸ್, ಅರ್ಧ ಸೌದೆ ಅಂದರೆ ಯಾವ ಹೆಣ್ಣುಮಗಳು ಒಪ್ಪುತ್ತಾಳೆ? ಸ್ಥಾವರ ನಿಂತಿತು. ಸರಕಾರದ ದುಡ್ಡು ದಂಡ ಎಂದು ಬರೆದು ಕಡತ ಮುಚ್ಚಬಹುದಾಗಿತ್ತು. ಅವರು ಹಾಗೆ ಮಾಡದೆ, ನಿಮಗೆ ಬೇಕಾದ್ದೇನು ಎಂದು ಊರಿನವರನ್ನೇ ಕೇಳಿದರು. ಕುಡಿಯುವ ನೀರು ಬೇಕು ಅಂದರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡಿ, ಕೊಳವೆ ಬಾವಿಯಿಂದ ನೀರೆತ್ತಿ, ಮನೆಗಳಿಗೆ ದೀಪ ಹಾಕಿದರು. ಸಗಣಿ ತಂದು ಹಾಕಿದವರಿಗೆ ಕೆ.ಜಿ.ಗೆ 2 ಪೈಸೆ ಕೊಡುತ್ತಿದ್ದರು. ಗ್ಯಾಸ್ ಬಂದ ಮೇಲೆ ಉಳಿದ ರಾಡಿಯನ್ನು ಅವರವರ ಪಾಲಿನ ಪ್ರಕಾರ ಗೊಬ್ಬರಕ್ಕೆ ವಾಪಸು ಕೊಡುತ್ತಿದ್ದರು. ತೂಕ, ಲೆಕ್ಕ, ಪಾಲು, ಎಲ್ಲಕ್ಕೂ ಊರಿನದೇ ಒಂದು ಸಭೆ. ಹಾಲಿನ ಡೇರಿಯ ಲೆಕ್ಕಕ್ಕೂ ಇದಕ್ಕೂ ಎಷ್ಟು ಹೋಲಿಕೆ ಎಂಬುದು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆ ಗ್ಯಾಸಿನ ಯಂತ್ರ ಬಂತು. ಸೌದೆಯನ್ನು ಗಾಳಿ ಕಡಿಮೆ ಕೊಟ್ಟು ಉರಿಸಿದರೆ ಹೊರಡುವ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಬಿಟ್ಟು, ಬೇಕಾದ ಡೀಸೆಲ್‌ನಲ್ಲಿ ಬಹುಪಾಲು ಉಳಿಸುವ ಉಪಾಯ. ಅದಕ್ಕೆ ಬೇಕಾದ ಸೌದೆಗೆಂದೇ ಊರಿನಲ್ಲಿ ತೋಪು ಬೆಳೆಸಿದ್ದರು.

ಇನ್ನು ಒಲೆಗೆ ಬರೋಣ.

ಅಸ್ತ್ರ ಒಲೆ ತಯಾರಾದದ್ದು 1980ರ ದಶಕದ ಮೊದಲ ವರ್ಷಗಳಲ್ಲಿ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ ಪಾತ್ರೆಗೆ ಹೋಗುತ್ತದೆ, ಮಿಕ್ಕಿದ್ದು ಗಾಳಿಗೆ, ಗೋಡೆಗೆ, ಅಡುಗೆ ಮಾಡುವವರ ಕಣ್ಣಿಗೆ. ಅಸ್ತ್ರ ಒಲೆಯಲ್ಲಿ ಸೌದೆ ಉರಿಯುವುದು ಒಂದು ಜಾಲರಿಯ ಮೇಲೆ. ಗಾಳಿ ಜಾಲರಿಯ ಕೆಳಗಿನಿಂದ ಅಳತೆಗೆ ತಕ್ಕಷ್ಟೇ ಬರುತ್ತದೆ. ಉರಿಯ ಮೇಲೆ ಮೊದಲ ಪಾತ್ರೆ, ಅಲ್ಲಿಂದ ಬಿಸಿ ಹೊಗೆ ಎರಡನೆಯದರ ಕೆಳಗೆ, ಆಮೇಲೆ ಮೂರನೆಯದರ ಕೆಳಗೆ ಹಾದು, ಕೊನೆಗೆ ಕೊಳವೆಯಲ್ಲಿ ಮಾಡಿನ ಮೇಲಕ್ಕೆ. ಪಾತ್ರೆ ಕಂಡಿಯೊಳಗೆ ಅರ್ಧ ಇಳಿದು ಕೂರಬೇಕು, ಸಂದಿ ಇರಬಾರದು. ಪ್ರಯೋಗಶಾಲೆಯ ಅಳತೆಯಲ್ಲಿ ನೂರಕ್ಕೆ 40ರ ಮೇಲೆ ಶಾಖ ಪಾತ್ರೆಗೆ ಸಿಕ್ಕಿತು. ಅಂದರೆ ಅದೇ ಅಡುಗೆಗೆ ನಾಲ್ಕರಲ್ಲಿ ಒಂದು ಪಾಲು ಸೌದೆ. ಹಳ್ಳಿಯ ಅಡುಗೆಮನೆಯಲ್ಲಿ ಅಷ್ಟು ಬಾರದಿದ್ದರೂ ಅರ್ಧದಷ್ಟು ಉಳಿತಾಯವನ್ನು ಕಂಡವರು ಬಹಳ ಜನ.

ನಮ್ಮ ಮನೆಗೂ ಆ ಒಲೆ ಬಂದಿತ್ತು. ನಮಗಾಗ ಏಳೆಂಟು ವರ್ಷ. ತರಬೇತಿ ಆದ ಗಾರೆ ಕೆಲಸದವರೊಬ್ಬರು ಬೆಳಿಗ್ಗೆ ಬಂದು ತಗಡಿನ ಅಚ್ಚಿಟ್ಟು ಮಣ್ಣು ಮೆತ್ತಿ ಮಧ್ಯಾಹ್ನದ ಹೊತ್ತಿಗೆ ಮುಗಿಸಿ ಹೋದರು. ಒಣಗಿದ ಮೇಲೆ ಅವ್ವ ಹಚ್ಚಿದಳು. ಹೊಗೆ ಹೊರಗೆ ಹೋಗುವುದನ್ನು ನೋಡಲು ಬೀದಿಯ ಹೆಂಗಸರೆಲ್ಲ ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡುತ್ತಿದ್ದರು. "ಕಣ್ಣುರಿ ತಪ್ಪಿತು ಕನವ್ವ" ಎಂದು ಅವ್ವ ಎಷ್ಟೋ ದಿವಸ ಹೇಳುತ್ತಿದ್ದಳು. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಹಬ್ಬಕ್ಕೆ ನೆಂಟರು ಬಂದಾಗ ದೊಡ್ಡ ತಪ್ಪಲೆ ಇಡಲು ಕಂಡಿ ಸಾಲಲಿಲ್ಲ, ಅಪ್ಪ ಮಚ್ಚಿನಿಂದ ಕೆತ್ತಿ ಅಗಲ ಮಾಡಿದರು. ಮುದ್ದೆ ತಿರುವುವಾಗ ಬಿದ್ದ ಏಟಿಗೆ ಕಂಡಿಯ ಬಾಯಿ ಬಿರಿಯಿತು. ಸಿಮೆಂಟಿನ ಕೊಳವೆಯಲ್ಲಿ ಮಸಿ ಕಟ್ಟಿತು. ಕಟ್ಟಿ ಹೋದ ಗಾರೆಯವರನ್ನು ಹುಡುಕಿದರೆ, ಆ ವರ್ಷದ ಗುರಿ ಮುಗಿಯಿತು, ಅವರಿಗೆ ಈಗ ಬೇರೆ ತಾಲ್ಲೂಕು ಎಂದು ಒಂದು ಕಚೇರಿಯಲ್ಲಿ ಹೇಳಿದರಂತೆ. ರಿಪೇರಿಗೆ ಅಂತ ಒಂದು ಪೈಸೆ ಯೋಜನೆಯಲ್ಲಿ ಇರಲಿಲ್ಲ. ಒಂದು ದಿನ ಅವ್ವ ಅದನ್ನು ಒಡೆದು, ಹಳೇ ಗುಂಡು ಕಲ್ಲನ್ನೇ ಹಿತ್ತಲಿಂದ ತಂದಿಟ್ಟಳು.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಕೇಂದ್ರ ಸರಕಾರ 1983ರ ಕೊನೆಯಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಒಲೆಯ ಖರ್ಚಿನಲ್ಲಿ ದೊಡ್ಡ ಪಾಲು ಸಹಾಯಧನ. ದೇಶದಲ್ಲಿ 3 ಕೋಟಿಗೂ ಮೀರಿ ಒಲೆಗಳನ್ನು ಕಟ್ಟಿದ್ದಾಗಿ ಲೆಕ್ಕ. ಎಷ್ಟು ಕಟ್ಟಿದೆವು ಎಂಬುದಕ್ಕೆ ಗುರಿ ಇತ್ತು, ಎಷ್ಟು ಉರಿಯುತ್ತಿವೆ ಎಂಬುದಕ್ಕೆ ಅಷ್ಟು ಬಿಗಿಯಾದ ಗುರಿ ಇರಲಿಲ್ಲ. 2002ರಲ್ಲಿ ಕೇಂದ್ರ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಸಭೆಯಲ್ಲಿ ಹಿರಿಯರು ಕೇಳಿದ ಪ್ರಶ್ನೆಗೆ ಇದು ಅರ್ಧ ಉತ್ತರ. ಒಲೆ ಕೆಟ್ಟದ್ದಾಗಿರಲಿಲ್ಲ. ಒಲೆ ಕಂಡುಹಿಡಿಯುವುದಕ್ಕೆ ಹಣವಿತ್ತು, ಹಂಚುವುದಕ್ಕೂ ಹಣವಿತ್ತು. ಇವೆರಡರ ನಡುವೆ, ಊರಿನಲ್ಲೇ ಒಲೆ ಕಟ್ಟಿ, ಕೆಟ್ಟರೆ ಸರಿ ಮಾಡಿ, ಪಾತ್ರೆ ದೊಡ್ಡದಾದರೆ ಕಂಡಿ ಬದಲಿಸಿ, ಅದರಿಂದಲೇ ಹೊಟ್ಟೆ ಹೊರೆಯುವ ಒಬ್ಬ ಸಣ್ಣ ಕಸುಬುದಾರ ಬೇಕಿತ್ತು. ಅವನಿಗೆ ಹಣವಿರಲಿಲ್ಲ.

ಮಿಕ್ಕ ಅರ್ಧ ಉತ್ತರ ಸ್ವಲ್ಪ ಕಹಿ. ಹೇಳದೆ ಬಿಡಲಾಗದು. ಮನೆಯಲ್ಲಿ ಸೌದೆ ಉಳಿದರೆ ಉಳಿಯುತ್ತಿದ್ದದ್ದು ಹೆಂಗಸರ ನಡಿಗೆ. ಅದು ಯಾವ ಗಂಡಸಿನ ಕಿಸೆಯ ಲೆಕ್ಕಕ್ಕೂ ಬರುತ್ತಿರಲಿಲ್ಲ. ಕೊಳವೆ ಸರಿ ಮಾಡಿಸಲು ಇಪ್ಪತ್ತು ರೂಪಾಯಿ ಕೊಡು ಅಂದರೆ, ಸೌದೆ ಏನು ದುಡ್ಡು ಕೊಟ್ಟು ತರ್ತೀವಾ ಎಂಬ ಮಾತು. ನಮ್ಮ ಮನೆಯಲ್ಲೂ ಆ ಮಾತು ಆಡಿದ್ದಾರೆ.

ಅದೇ ತಂತ್ರ ಕಸುಬಿನ ಜಾಗಕ್ಕೆ ಹೋದಾಗ ಬೇರೆಯೇ ನಡೆಯಿತು. ರೇಷ್ಮೆ ನೂಲು ಬಿಚ್ಚುವವರನ್ನು ನೋಡಿ. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಬೇಕು, ದಿನವೆಲ್ಲ ಒಲೆ ಆರಬಾರದು. ಸೌದೆಯನ್ನು ರೊಕ್ಕ ಕೊಟ್ಟೇ ಕೊಳ್ಳಬೇಕು. ಅವರಿಗೆ ಒಂದು ಹೊರೆ ಸೌದೆ ಉಳಿದರೆ ಸಂಜೆಯ ಲೆಕ್ಕದಲ್ಲಿ ಕಾಣುತ್ತದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸುವವರದೂ ಹೀಗೆಯೇ. 1993ರಲ್ಲಿ ಬೆಂಗಳೂರಿನಲ್ಲಿ ಟೈಡ್ ಎಂಬ ಸಂಸ್ಥೆ ಆರಂಭವಾಯಿತು. ಸ್ವಾತಿ ಭೋಗ್ಲೆ ಮುಂತಾದವರು ಸೇರಿ ಕಟ್ಟಿದ್ದು. ವಿಜ್ಞಾನ ಸಂಸ್ಥೆಯಲ್ಲಿ ತಯಾರಾದ ಒಲೆಯ ತತ್ವವನ್ನು ತೆಗೆದುಕೊಂಡು ರೇಷ್ಮೆ, ಅಡಿಕೆ, ಬಟ್ಟೆಗೆ ಬಣ್ಣ ಹಾಕುವುದು, ಆಯುರ್ವೇದ ಔಷಧಿ, ಹೋಟೆಲು ಹೀಗೆ ಒಂದೊಂದು ಕಸುಬಿಗೆ ಒಂದೊಂದು ಒಲೆ ಮಾಡಿದರು. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವು ಇತ್ತು. ಆದರೆ ಒಲೆಯನ್ನು ಬಿಟ್ಟಿ ಕೊಡಲಿಲ್ಲ, ಕಸುಬುದಾರರಿಗೆ ಮಾರಿದರು. ಕಟ್ಟುವುದಕ್ಕೆ ಆಯಾ ಊರಿನವರನ್ನೇ ತಯಾರು ಮಾಡಿದರು. ಸಾವಿರಾರು ಒಲೆಗಳು ಕರ್ನಾಟಕದಲ್ಲಿ, ಕೇರಳದಲ್ಲಿ ಎದ್ದವು. 2008ರಲ್ಲಿ ಆ ಸಂಸ್ಥೆಗೆ ಇಂಗ್ಲೆಂಡಿನ ಆಶ್‌ಡೆನ್ ಪ್ರಶಸ್ತಿ ಬಂತು.

ರೇಷ್ಮೆಗೇ ಇನ್ನೊಂದು ಪ್ರಯತ್ನ ದೆಹಲಿಯ ಟೆರಿ ಸಂಸ್ಥೆಯದು. 1990ರ ದಶಕದಲ್ಲಿ ಸ್ವಿಟ್ಜರ್ಲೆಂಡ್ ಸರಕಾರದ ಅಭಿವೃದ್ಧಿ ಸಂಸ್ಥೆಯ ಹಣದಲ್ಲಿ ಇಟ್ಟಿಗೆ ಗೂಡು, ಗಾಜಿನ ಕುಲುಮೆ, ಎರಕದ ಕುಲುಮೆ, ಸೌದೆ ಗ್ಯಾಸಿನ ಒಲೆ ಈ ನಾಲ್ಕನ್ನು ಆರಿಸಿಕೊಂಡು ಕೆಲಸ ಮಾಡಿದರು. ಸೌದೆ ಗ್ಯಾಸಿನ ಒಲೆಯಲ್ಲಿ ಗೂಡು ಬೇಯಿಸಿದಾಗ ಉರಿ ಒಂದೇ ಸಮ ಇರುವುದರಿಂದ ಸೌದೆಯ ಉಳಿತಾಯದ ಜೊತೆಗೆ ನೂಲಿನ ಇಳುವರಿಯೂ ಸುಧಾರಿಸಿತು. ಹೊಗೆ ಕಡಿಮೆಯಾಯಿತು ಎಂಬ ಕಾರಣಕ್ಕೆ ಮಾತ್ರ ಒಲೆ ಕೊಂಡವರು ಕಡಿಮೆ ಇರಬಹುದು. ನೂಲು ಜಾಸ್ತಿ ಬಂತು ಅಂದರೆ ಯಾರು ಬೇಡ ಅನ್ನುತ್ತಾರೆ? ಪರಿಸರದ ಮಾತು ಆಡುವವರು ಈ ಒಂದು ಗುಟ್ಟನ್ನು ತಿಳಿದುಕೊಂಡರೆ ಒಳ್ಳೆಯದು ಅಂತ ನಮ್ಮ ಅಭಿಪ್ರಾಯ.

ಈಗ ಆ ನಡುವಿನ ಹಣದ ಮಾತು. ಶೋಧನೆಗೂ ಮಾರಾಟಕ್ಕೂ ನಡುವೆ ಸಣ್ಣವನು ಸಾಯುತ್ತಾನೆ ಎಂಬುದನ್ನು ಗುರುತಿಸಿ ಮೊದಲು ಕಾನೂನು ಮಾಡಿದವರು ಅಮೆರಿಕದವರು. ಒಲೆಯ ಮಾತಿನಿಂದ ಅಮೆರಿಕಕ್ಕೆ ಯಾಕೆ ಹೋಗಬೇಕು ಅಂದರೆ, ಅವರ ಯೋಜನೆಯ ಹೆಸರನ್ನೇ ಹೋಲುವ ಒಂದು ಯೋಜನೆ ಆಮೇಲೆ ನಮ್ಮ ದೆಹಲಿಯಲ್ಲೂ ಬಂತು.

ಅಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಅಂತ ಒಂದು ಸರಕಾರಿ ಸಂಸ್ಥೆ. ಅದರಲ್ಲಿ ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿ. ಸಂಶೋಧನೆಯ ಹಣವೆಲ್ಲ ವಿಶ್ವವಿದ್ಯಾಲಯಗಳಿಗೆ, ದೊಡ್ಡ ಕಂಪನಿಗಳಿಗೆ ಹೋಗುತ್ತಿದೆ, ಹೊಸದನ್ನು ಮಾಡುವ ಸಣ್ಣ ಕಾರ್ಖಾನೆಯವರಿಗೂ ಪಾಲಿರಬೇಕು ಎಂದು ಇವರು 1977ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಅದು ಫಲ ಕೊಟ್ಟದ್ದರಿಂದ 1982ರಲ್ಲಿ, ರೇಗನ್ ಅಧ್ಯಕ್ಷರಾಗಿದ್ದಾಗ, ಅದೇ ಕಾನೂನಾಯಿತು. ಹೊರಗಿನವರಿಂದ ಮಾಡಿಸುವ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರಿಗಿಂತ ಹೆಚ್ಚು ಖರ್ಚು ಮಾಡುವ ಪ್ರತಿ ಸರಕಾರಿ ಇಲಾಖೆ ಅದರಲ್ಲಿ ಒಂದು ಪಾಲನ್ನು ಸಣ್ಣ ಉದ್ದಿಮೆಗೆಂದೇ ತೆಗೆದಿಡಬೇಕು. ಶುರುವಿನಲ್ಲಿ ನೂರಕ್ಕೆ ಕಾಲು ಭಾಗಕ್ಕೂ ಕಡಿಮೆ, ಅಂದರೆ 0.2. ಹಂತಹಂತವಾಗಿ ಏರಿ 2017ರ ಹೊತ್ತಿಗೆ ನೂರಕ್ಕೆ 3.2 ಆಯಿತು. ಅವರ ಪರಿಸರ ಸಂರಕ್ಷಣಾ ಇಲಾಖೆಯೂ ಇದರಲ್ಲಿ ಸೇರಿತ್ತು. ವಿಷವಿಲ್ಲದ ಬಣ್ಣ, ಕಸದಿಂದ ಮಾಡುವ ಸಾಮಾನು, ಹೊಗೆ ಕಡಿಮೆ ಮಾಡುವ ಸಲಕರಣೆ, ಇಂಥವನ್ನು ಮಾಡುವ ಸಣ್ಣ ಸಣ್ಣ ಕಂಪನಿಗಳಿಗೆ ಅದರಿಂದ ಹಣ ಹೋಯಿತು.

ಕೊಡುವ ಕ್ರಮ ನಮ್ಮವರು ಗಮನಿಸಬೇಕಾದ್ದು. ಮೊದಲ ಹಂತದಲ್ಲಿ ಸ್ವಲ್ಪ ಹಣ, ಕೆಲವೇ ತಿಂಗಳು. ನಿನ್ನ ಯೋಚನೆ ನಡೆಯುತ್ತದೋ ಇಲ್ಲವೋ ತೋರಿಸು ಅಷ್ಟೇ. ನಡೆಯದಿದ್ದರೆ ಅಲ್ಲಿಗೇ ನಿಂತಿತು, ಯಾರೂ ಜೈಲಿಗೆ ಹಾಕುವುದಿಲ್ಲ. ನಡೆದರೆ ಎರಡನೇ ಹಂತದಲ್ಲಿ ದೊಡ್ಡ ಮೊತ್ತ, ಸುಮಾರು ಎರಡು ವರ್ಷ. ಮೂರನೇ ಹಂತವೆಂದರೆ ಮಾರುಕಟ್ಟೆ. ಅಲ್ಲಿ ಈ ನಿಧಿಯಿಂದ ಒಂದು ಡಾಲರೂ ಇಲ್ಲ. ನಮ್ಮ ಒಲೆಯ ಕಾರ್ಯಕ್ರಮವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ನಾವು ಎರಡನೆಯದನ್ನು ಹಾರಿ ಮೂರನೆಯದಕ್ಕೆ ಸಹಾಯಧನ ಸುರಿದೆವು.

ನಮ್ಮ ದೇಶದಲ್ಲಿ ಏನೂ ಆಗಲಿಲ್ಲವೆಂದಲ್ಲ. 1998ರ ಹೊತ್ತಿಗೆ ಕೇಂದ್ರದ ಎರಡು ಇಲಾಖೆಗಳು ಕೂಡಿ ಟೆಪ್ ಎಂಬ ಯೋಜನೆ ತಂದವು. ಕಂಪನಿ ಇಲ್ಲದ ಒಂಟಿ ಮನುಷ್ಯನೂ ಹೊಸ ಯಂತ್ರದ ಯೋಚನೆ ಇದ್ದರೆ ಅರ್ಜಿ ಹಾಕಬಹುದಿತ್ತು. ಮುಂದೆ ಅದರ ಜಾಗದಲ್ಲಿ ಪ್ರಿಸಂ ಬಂತು. ಅದರಲ್ಲಿ ಹಸಿರು ತಂತ್ರಜ್ಞಾನ, ಕಸದಿಂದ ರಸ ಎಂಬ ವಿಷಯಗಳಿಗೆ ಜಾಗವಿತ್ತು. 2000ದಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಸ್ಥಾಪನೆಯಾಯಿತು. ಶಾಲೆ ಕಲಿಯದ ರೈತರು, ಕಮ್ಮಾರರು, ಬಡಗಿಗಳು ಮಾಡಿದ ಹೊಸ ಸಲಕರಣೆಗಳನ್ನು ಹುಡುಕಿ ದಾಖಲು ಮಾಡುವುದೇ ಅದರ ಕೆಲಸ. 2003ರಲ್ಲಿ ಸಿಡ್ಬಿ ಬ್ಯಾಂಕಿನ ಹಣದಲ್ಲಿ ಅಂಥವರಿಗೆಂದು ಒಂದು ಸಣ್ಣ ನಿಧಿಯನ್ನೂ ಮಾಡಿದರು. 2005ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಎಸ್.ಬಿ.ಐ.ಆರ್.ಐ. ತಂದಿತು. ಅಮೆರಿಕದ್ದು ಎಸ್.ಬಿ.ಐ.ಆರ್. ಕೊನೆಗೊಂದು ಅಕ್ಷರ ಹೆಚ್ಚು, ಅಷ್ಟೇ. ಹಂತಹಂತವಾಗಿ ಕೊಡುವ ಕ್ರಮವೂ ಅಲ್ಲಿಯದೇ. ಆದರೆ ಅದು ಔಷಧಿ, ಲಸಿಕೆ, ಕಿಣ್ವ ಮುಂತಾದವುಗಳ ಕಂಪನಿಗಳಿಗೆ. ಆಲೆಮನೆಗೆ ಗಾರೆ ಕೆಲಸ ಮಾಡುವವನು ಆ ಬಾಗಿಲಲ್ಲಿ ನಿಲ್ಲಲಾರ.

ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ಹೇಳಬೇಕು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ರೈತರು. ಬೆಳಿಗ್ಗೆ ಏಳಲಾಗದ ತಮ್ಮ ನಿದ್ದೆಯನ್ನು ಓಡಿಸಲು, ಹೊತ್ತಿಗೆ ಸರಿಯಾಗಿ ಮುಖಕ್ಕೆ ನೀರು ಸುರಿಯುವ ಅಲಾರಾಂ ಮಾಡಿಕೊಂಡವರು! ಅಲ್ಲಿಂದ ಮುಂದೆ ಹುಣಸೆ ಬೀಜ ಬಿಡಿಸುವ ಯಂತ್ರ, ಬೀಜ ಗೊಬ್ಬರ ಕೂಡಿಸಿ ಬಿತ್ತುವ ಕೂರಿಗೆ, ಕಬ್ಬು ನಾಟಿ ಯಂತ್ರ, ಕಡಿಮೆ ಸೌದೆಯಲ್ಲಿ ನೀರು ಕಾಯಿಸುವ ಬಾಯ್ಲರ್ ಎಲ್ಲ ಮಾಡಿದರು. ನಾವೀನ್ಯತಾ ಪ್ರತಿಷ್ಠಾನ 2015ರಲ್ಲಿ ಅವರಿಗೆ ಜೀವಮಾನದ ಸಾಧನೆಯ ಪ್ರಶಸ್ತಿ ಕೊಟ್ಟಿತು, 2022ರಲ್ಲಿ ಪದ್ಮಶ್ರೀ ಬಂತು. ಅಷ್ಟರೊಳಗೆ ಯಂತ್ರಗಳಿಗಾಗಿ ಸಾಲ ಮಾಡಿ ಪಟ್ಟ ಪಾಡು ಅವರಿಗೇ ಗೊತ್ತು. ಪದಕ ಬರುವ ಮೊದಲು, ಮೊದಲ ಯಂತ್ರ ಕೆಟ್ಟು ಎರಡನೆಯದಕ್ಕೆ ಕಬ್ಬಿಣ ಕೊಳ್ಳುವ ದಿನ, ಒಂದಿಷ್ಟು ಹಣ ಕೈಗೆ ಬಂದರೆ ಅದರ ಬೆಲೆಯೇ ಬೇರೆ.

ಇನ್ನು ನಮ್ಮ ಆಲೆಮನೆ.

ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ. ಗಾಣದಿಂದ ಬರುವ ಹಾಲು 600 ಕೆ.ಜಿ.ಯ ಆಸುಪಾಸು. ಅಂದರೆ 500 ಕೆ.ಜಿ.ಯಷ್ಟು ನೀರನ್ನು ಕೊಪ್ಪರಿಗೆಯಲ್ಲಿ ಕುದಿಸಿ ಗಾಳಿಗೆ ಬಿಡಬೇಕು. ಇದಕ್ಕೆಲ್ಲ ಉರಿ ಕಬ್ಬಿನ ಸಿಪ್ಪೆಯಿಂದಲೇ ಆಗಬೇಕು, ಆಗುತ್ತದೆ ಕೂಡ. ತೊಂದರೆ ಏನೆಂದರೆ ಗಾಣದಿಂದ ಬಿದ್ದ ಸಿಪ್ಪೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಹರವಿ ಒಣಗಿಸಬೇಕು. ಬಿಸಿಲಿಲ್ಲದ ದಿನ, ಮಳೆಗಾಲ, ಆಳು ಸಿಗದ ದಿನ ಸಿಪ್ಪೆ ಒಣಗುವುದಿಲ್ಲ, ಒಲೆ ನಿಲ್ಲಿಸುವ ಹಾಗಿಲ್ಲ. ಒಂದೇ ಕೊಪ್ಪರಿಗೆಯ ಒಲೆಯಲ್ಲಿ ಉರಿ ಒಂದು ಸಲ ತಾಗಿ ನೇರ ಹೊಗೆ ಗೂಡಿಗೆ ಹೋಗುತ್ತದೆ, ಆ ಹೊಗೆಯಲ್ಲಿ ಇನ್ನೂ ಒಂದು ಕೊಪ್ಪರಿಗೆ ಕಾಯಿಸುವಷ್ಟು ಬಿಸಿ ಇರುತ್ತದೆ. ಹೀಗೆ ಸಿಪ್ಪೆ ಸಾಲದಾದಾಗ ಮಂಡ್ಯ ಸೀಮೆಯ ಹಲವು ಆಲೆಮನೆಗಳಿಗೆ ಹಳೇ ಟೈರು, ರಬ್ಬರು, ಪ್ಲಾಸ್ಟಿಕ್ ಬಂತು. ಪೇಪರಿನಲ್ಲೂ ಎಷ್ಟೋ ಸಲ ಬಂದಿದೆ, ನಮ್ಮ ಕಣ್ಣಿಗೂ ಕಂಡಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ಟೈರಿನಲ್ಲಿ ಗಂಧಕವಿದೆ, ತಂತಿ ಇದೆ. ಆ ಕರೀ ಹೊಗೆಯನ್ನು ಮೊದಲು ಕುಡಿಯುವವನು ಒಲೆಯ ಗುಂಡಿಯ ಮುಂದೆ ಕೂತು ಉರಿ ಹಾಕುವ ಆಳು. ಆಮೇಲೆ ಪಕ್ಕದ ಬೀದಿಯ ಮಕ್ಕಳು. ಬೆಲ್ಲದ ಮೇಲೂ ಮಸಿ ಕೂರುತ್ತದೆ. ಅಂಥ ಬೆಲ್ಲವನ್ನು ಬೆಳ್ಳಗೆ ಮಾಡಲು ಮತ್ತೆ ಪುಡಿ ಹಾಕುವುದು. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತಿದ್ದ ನಮ್ಮ ತಾತಂದಿರ ಬೆಲ್ಲ ಕಂದು ಬಣ್ಣದ್ದೇ ಇರುತ್ತಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ.

ಇದಕ್ಕೆ ಉಪಾಯ ಹೊಸದೇನಲ್ಲ. ಲಕ್ನೋದ ಕಬ್ಬು ಸಂಶೋಧನಾ ಸಂಸ್ಥೆಯವರು ಎರಡು ಕೊಪ್ಪರಿಗೆ, ಮೂರು ಕೊಪ್ಪರಿಗೆಯ ಒಲೆಗಳನ್ನು ಮಾಡಿದ್ದಾರೆ. ನಮ್ಮ ವಿ.ಸಿ. ಫಾರಂನಲ್ಲೂ ಬೆಲ್ಲದ ಮೇಲೆ ಸಂಶೋಧನೆ ನಡೆದಿದೆ. ತತ್ವ ನಮ್ಮ ಅವ್ವನ ಒಲೆಯದೇ. ಬಿಸಿ ಹೊಗೆಯನ್ನು ಹೊರಗೆ ಬಿಡುವ ಮೊದಲು ಇನ್ನೊಂದು ಕೊಪ್ಪರಿಗೆಯ ಕೆಳಗೆ ಹಾಯಿಸು, ಅಲ್ಲಿ ಹಸೀ ಹಾಲು ಕಾಯಲಿ. ಜಾಲರಿಯ ಕೆಳಗಿಂದ ಗಾಳಿ ಕೊಡು, ಸಿಪ್ಪೆ ಪೂರ್ತಿ ಉರಿಯಲಿ. ಸಿಪ್ಪೆಯಲ್ಲಿ ಮಿಕ್ಕದ್ದನ್ನು ಮಾರಬಹುದು. ಅಡುಗೆಮನೆಯಲ್ಲಿ ಸೋತದ್ದು ಇಲ್ಲಿ ಗೆಲ್ಲಬಹುದೆಂದು ನಾವು ನಂಬಲು ಕಾರಣ, ಇಲ್ಲಿ ಉರಿಯೆಂದರೆ ರೊಕ್ಕ.

ಹಣದ ಮಾತಿಗೆ ಬಂದರೆ, 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಕಿರು ಆಹಾರ ಉದ್ದಿಮೆಗಳಿಗೆ ಒಂದು ಯೋಜನೆ ತಂದಿತು. ಒಂದು ಜಿಲ್ಲೆಗೆ ಒಂದು ಉತ್ಪನ್ನ ಎಂಬ ಲೆಕ್ಕದಲ್ಲಿ ಮಂಡ್ಯಕ್ಕೆ ಬಂದದ್ದು ಬೆಲ್ಲ. ಬ್ಯಾಂಕ್ ಸಾಲದ ಜೊತೆಗೆ ಯೋಜನಾ ವೆಚ್ಚದ ನೂರಕ್ಕೆ 35ರಷ್ಟು, 10 ಲಕ್ಷದ ಮಿತಿಯಲ್ಲಿ, ಕೇಂದ್ರದ ಯೋಜನೆಯ ಸಹಾಯಧನ. ಕರ್ನಾಟಕ ಸರಕಾರ ತನ್ನ ಪಾಲಿನ 15 ಸೇರಿಸಿ ಅದನ್ನು ನೂರಕ್ಕೆ 50, ಮಿತಿ 15 ಲಕ್ಷ ಮಾಡಿತು. ಸಹಕಾರ ಸಂಘಗಳೂ ಅರ್ಜಿ ಹಾಕಲು ಅವಕಾಶ ಕೊಟ್ಟರು. 2025ರ ಜುಲೈನಲ್ಲಿ ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯಿಂದ ಇನ್ನೊಂದು ಯೋಜನೆ ಬಂತು. ಇಂಧನ ಉಳಿಸುವ ಸಲಕರಣೆಗೆ ಸಾಲ ಮಾಡುವ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಬಡ್ಡಿಯಲ್ಲಿ ನೂರಕ್ಕೆ 5 ಸರಕಾರದ್ದು. ಪಟ್ಟಿಯಲ್ಲಿ ಆಹಾರ ಸಂಸ್ಕರಣೆಯೂ ಇದೆ. ಆದರೆ ಇವೆರಡೂ ಸಲಕರಣೆ ಕೊಳ್ಳುವವನಿಗೆ. ನಮ್ಮ ಸಿಪ್ಪೆಗೆ, ನಮ್ಮ ಕೊಪ್ಪರಿಗೆ ಅಳತೆಗೆ ಹೊಂದುವ ಒಲೆಯನ್ನು ಮೊದಲು ಕಟ್ಟಿ ಕೆಡಿಸಿ ಕಲಿಯುವವನಿಗೆ ಇವುಗಳಲ್ಲೂ ಜಾಗ ಕಾಣಲಿಲ್ಲ.

ಆ ಜಾಗವನ್ನು ಸಂಘ ತುಂಬಬಹುದೇ ಎಂಬುದೇ ನಮ್ಮ ಆಡಳಿತ ಮಂಡಳಿಯ ಮುಂದೆ ಇರುವ ವಿಷಯ. ಯೋಚನೆ ಹೀಗಿದೆ. ಮೊದಲು ಒಂದೇ ಒಂದು ಒಲೆ. ಕಟ್ಟುವವರು ನಮ್ಮೂರಿನ ಗಾರೆಯವರೇ, ಬೇರೆ ಕಡೆ ಕಟ್ಟಿರುವುದನ್ನು ನೋಡಿಕೊಂಡು ಬರಲು ಅವರ ಖರ್ಚು ಸಂಘದ್ದು. ಒಲೆಯ ಖರ್ಚಿನಲ್ಲಿ ಆಲೆಮನೆಯವರದೂ ಒಂದು ಪಾಲು ಇರಲೇಬೇಕು. ಹಳೇ ಒಲೆಯಲ್ಲಿ ಒಂದು ತಿಂಗಳು, ಹೊಸದರಲ್ಲಿ ಒಂದು ತಿಂಗಳು, ಪ್ರತಿ ಕೊಪ್ಪರಿಗೆಗೆ ಎಷ್ಟು ಸಿಪ್ಪೆ, ಎಷ್ಟು ಬೆಲ್ಲ, ಎಷ್ಟು ಹೊತ್ತು ಎಂದು ತೂಗಿ ಬರೆದು ಸಂಘದ ಬೋರ್ಡಿಗೆ ಹಾಕುವುದು. ಎರಡನೇ ಒಲೆಗೆ ಸಾಲ ಆ ತೂಕ ನೋಡಿದ ಮೇಲೆ. ಒಂದು ವರ್ಷದ ರಿಪೇರಿ ಹಣವನ್ನು ಮೊದಲೇ ತೆಗೆದಿಡುವುದು. ಟೈರು ಹಾಕಿದ್ದು ಕಂಡರೆ ಸಾಲ ವಾಪಸು.

ನಿರ್ದೇಶಕರಲ್ಲಿ ಇನ್ನೂ ಒಮ್ಮತವಿಲ್ಲ. ಸಂಘದ ಹಣವನ್ನು ಪ್ರಯೋಗಕ್ಕೆ ಹಾಕಬಾರದು, ನಷ್ಟವಾದರೆ ಆಡಿಟ್‌ನಲ್ಲಿ ಏನು ಬರೆಸುವುದು ಎಂದು ಇಬ್ಬರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕಾಗಿ ಸಾಲದ ನಿಧಿಯನ್ನು ಮುಟ್ಟದೆ, ಲಾಭದಲ್ಲಿ ಸರ್ವಸದಸ್ಯರ ಸಭೆ ಒಪ್ಪಿದಷ್ಟನ್ನು ಮಾತ್ರ ಇದಕ್ಕೆ ಎಂದು ಬರೆದುಕೊಂಡಿದ್ದೇವೆ. ಬರುವ ಸಭೆಯ ವಿಷಯಪಟ್ಟಿಯಲ್ಲಿ ಅದು ಬರುತ್ತದೆ.

ಒಲೆ ಕಟ್ಟಿ ಒಣಗುವವರೆಗೆ ಆಲೆ ನಿಲ್ಲಿಸಬೇಕಾದ್ದರಿಂದ ಮೊದಲ ಒಲೆ ಯಾರ ಆಲೆಮನೆಯಲ್ಲಿ ಎಂಬುದಕ್ಕೆ ಬಹಳ ದಿನ ಯಾರೂ ಮುಂದೆ ಬರಲಿಲ್ಲ. ಹೋದ ತಿಂಗಳು ಸಭೆಯಲ್ಲಿ ಪ್ರಶ್ನೆ ಕೇಳಿದ ಆ ಹಿರಿಯರೇ ಕಚೇರಿಗೆ ಬಂದು ಬೆಂಚಿನ ಮೇಲೆ ಕೂತರು. ಅವರದೂ ಒಂದು ಆಲೆಮನೆ ಇದೆ. "ಕಟ್ಟೋದಾದ್ರೆ ನಮ್ಮಲ್ಲೇ ಕಟ್ಟಿ. ಆದ್ರೆ ಸಿಪ್ಪೆ ತೂಕ ನಾನೇ ಹಾಕ್ತೀನಿ, ನಿಮ್ ಗುಮಾಸ್ತ ಬೇಡ" ಅಂದರು. ಹಳೇ ಒಲೆಯ ತೂಕ ಬರೆಯಲು ಒಂದು ಪುಸ್ತಕ ಕೇಳಿದರು. ಕೊಟ್ಟು ಕಳಿಸಿದ್ದೇವೆ.